ಭೂಪಟದಲ್ಲಿ ಇಡೀ ಕಡಲತಳ ಕಾಣುತ್ತದೆ, ಆದರೂ ಕಾಲುಭಾಗ ಮಾತ್ರ ಅಳೆದಿದ್ದಾರೆ ಎನ್ನುವುದು ಯಾಕೆ?

ಭೂಗೋಳ ಶಿಕ್ಷಕಿ

ಎಂಟನೇ ತರಗತಿಗೆ ಸಾಗರಗಳ ಪಾಠ ಮಾಡುತ್ತಿದ್ದೆ. ಕಂಪ್ಯೂಟರಿನಲ್ಲಿ ಭೂಪಟ ತೆರೆದು ಅಟ್ಲಾಂಟಿಕ್ ಸಾಗರದ ನಡುವೆ ಬೆನ್ನೆಲುಬಿನಂತೆ ಹಾದುಹೋಗುವ ಪರ್ವತಸಾಲನ್ನು ಮಕ್ಕಳಿಗೆ ತೋರಿಸಿದೆ. ಪಾಠ ಮುಗಿಸುವಾಗ, ಪ್ರಪಂಚದ ಸಾಗರತಳದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ಇದುವರೆಗೆ ಸರಿಯಾಗಿ ಅಳೆಯಲಾಗಿದೆ ಎಂದೂ ಹೇಳಿದೆ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು, "ಅಳೆಯದೇ ಇದ್ದರೆ ಈ ಚಿತ್ರ ಎಲ್ಲಿಂದ ಬಂತು ಮಿಸ್?" ಎಂದು ಕೇಳಿದಳು. ಉಪಗ್ರಹದಿಂದ ಎಂದೆ. "ಉಪಗ್ರಹಕ್ಕೆ ಕಾಣುವುದಾದರೆ ಹಡಗು ಯಾಕೆ ಹೋಗಬೇಕು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತಿಳಿದುಕೊಂಡು ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಆಕಾಶವೀಕ್ಷಕ

ಬೆಳಕಾಗಲಿ, ರೇಡಿಯೋ ತರಂಗಗಳಾಗಲಿ ಆಳದ ನೀರನ್ನು ದಾಟಿ ಹೋಗುವುದಿಲ್ಲ. ಮಂಗಳ ಗ್ರಹದ ನೆಲವನ್ನು ಕ್ಯಾಮೆರಾ ನೇರವಾಗಿ ಸೆರೆಹಿಡಿಯಬಲ್ಲದು, ಏಕೆಂದರೆ ಅಲ್ಲಿ ಸಮುದ್ರ ಅಡ್ಡ ಬರುವುದಿಲ್ಲ. ಹಾಗಾಗಿಯೇ ಮಂಗಳದ ನಕ್ಷೆ ನಮ್ಮದೇ ಸಾಗರತಳದ ನಕ್ಷೆಗಿಂತ ಸ್ಪಷ್ಟವಾಗಿದೆ. ಉಪಗ್ರಹ ಸಮುದ್ರದ ಬಗ್ಗೆ ಏನು ಅಳೆಯುತ್ತದೆ ಎಂಬುದನ್ನು ಹಡಗಿನಲ್ಲಿ ಕೆಲಸ ಮಾಡಿದವರು ಹೇಳಿದರೆ ಚೆನ್ನ.

ಸೋನಾರ್ ಪಾಳಿ

ಮೇಡಂ, ನಿಮ್ಮ ವಿದ್ಯಾರ್ಥಿನಿ ವಿಷಯದ ಬುಡಕ್ಕೇ ಕೈ ಹಾಕಿದ್ದಾಳೆ. ಹನ್ನೊಂದು ವರ್ಷ ಸಮೀಕ್ಷಾ ಹಡಗುಗಳಲ್ಲಿ ಸೋನಾರ್, ಅಂದರೆ ಶಬ್ದದಿಂದ ಆಳ ಅಳೆಯುವ ಉಪಕರಣದ ಪಾಳಿ ಮಾಡಿದವನು ನಾನು. ಈ ಪ್ರಶ್ನೆ ಕೇಳಿದರೆ ಸುಮ್ಮನಿರಲು ಆಗುವುದಿಲ್ಲ.

ಉಪಗ್ರಹ ಕಡಲತಳವನ್ನು ನೋಡುವುದೇ ಇಲ್ಲ. ಅದರ ರೇಡಾರ್ ನೋಡುವುದು ನೀರಿನ ಮೇಲ್ಮೈಯನ್ನು. ತಳದಲ್ಲಿ ದೊಡ್ಡ ಬೆಟ್ಟವಿದ್ದರೆ ಅಷ್ಟು ಕಲ್ಲಿನ ಗುರುತ್ವ ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಬೆಟ್ಟದ ನೆತ್ತಿಗೆ ನೇರವಾಗಿ ಸಮುದ್ರ ಒಂದೆರಡು ಮೀಟರ್ ಉಬ್ಬಿರುತ್ತದೆ, ಕಂದಕದ ಮೇಲೆ ತಗ್ಗಿರುತ್ತದೆ. ಉಬ್ಬು ಹತ್ತಾರು ಕಿಲೋಮೀಟರಿಗೆ ಹರಡಿಕೊಂಡಿರುವುದರಿಂದ ಅದನ್ನು ಹತ್ತಿ ಇಳಿಯುವ ಹಡಗಿಗೆ ಏನೂ ಗೊತ್ತಾಗುವುದಿಲ್ಲ. ಅಮೆರಿಕದ ನೌಕಾಪಡೆ ಗುಟ್ಟಾಗಿಟ್ಟಿದ್ದ ಜಿಯೋಸ್ಯಾಟ್ ಉಪಗ್ರಹದ ಮಾಹಿತಿ 1995ರಲ್ಲಿ ಹೊರಬಂತು. ಅದನ್ನೂ ಇತರ ಮಾಹಿತಿಯನ್ನೂ ಸೇರಿಸಿ ವಾಲ್ಟರ್ ಸ್ಮಿತ್ ಮತ್ತು ಡೇವಿಡ್ ಸ್ಯಾಂಡ್‌ವೆಲ್ 1997ರಲ್ಲಿ ಪ್ರಕಟಿಸಿದ ನಕ್ಷೆಯ ವಂಶದ್ದೇ ನೀವು ತೋರಿಸಿದ ನೀಲಿ ಚಿತ್ರ. ಅದರಲ್ಲಿ ಹೆಚ್ಚಿನ ಭಾಗ ಲೆಕ್ಕ ಹಾಕಿ ಊಹಿಸಿದ್ದು.

ದಪ್ಪ ಕಂಬಳಿ ಹೊದ್ದು ಮಲಗಿದವರನ್ನು ನೋಡಿದಂತೆ ಇದು. ಮಂಡಿ ಎಲ್ಲಿದೆ, ಭುಜ ಎಲ್ಲಿದೆ ಎಂದು ಹೇಳಬಹುದು. ಬೆರಳು ಎಣಿಸಲು ಆಗುವುದಿಲ್ಲ. ಕೆಲವು ಕಿಲೋಮೀಟರಿಗಿಂತ ಕಿರಿದಾದದ್ದು ಆ ಚಿತ್ರದಲ್ಲಿ ಕರಗಿಹೋಗುತ್ತದೆ.

ಈ ವ್ಯತ್ಯಾಸಕ್ಕೆ ಜೀವಗಳು ಬೆಲೆ ತೆತ್ತಿವೆ. 2005ರ ಜನವರಿ 8ರಂದು ಯುಎಸ್ಎಸ್ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಜಲಾಂತರ್ಗಾಮಿ ಪೆಸಿಫಿಕ್ ಸಾಗರದಲ್ಲಿ ಪೂರ್ಣ ವೇಗದಲ್ಲಿ ಸಾಗುತ್ತಿದ್ದಾಗ ನೀರೊಳಗಿನ ಬೆಟ್ಟಕ್ಕೆ ಬಡಿಯಿತು. ಒಬ್ಬ ನಾವಿಕ ಸತ್ತ, ಹತ್ತಾರು ಮಂದಿ ಗಾಯಗೊಂಡರು. ಅವರು ನೋಡುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟ ಇರಲಿಲ್ಲ. 2014ರಲ್ಲಿ ಎಂಎಚ್ 370 ವಿಮಾನ ಕಾಣೆಯಾದಾಗಲೂ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಡುಕಾಟಕ್ಕೆ ಇಳಿಯುವ ಮೊದಲು ನಕ್ಷೆ ಮಾಡಬೇಕಾಯಿತು. ತಳಕ್ಕೆ ಹತ್ತಿರ ಎಳೆದುಕೊಂಡು ಹೋಗುವ ಉಪಕರಣ ಗೊತ್ತಿಲ್ಲದ ಕಡಿದಾದ ಬಂಡೆಗೆ ಬಡಿದರೆ ಅಲ್ಲಿಗೆ ಕಥೆ ಮುಗಿಯಿತು. ಸುಮಾರು 2,79,000 ಚದರ ಕಿಲೋಮೀಟರ್ ಅಳೆದರು. ಯಾರೂ ಕಂಡಿರದ ಜ್ವಾಲಾಮುಖಿಗಳು, ಕಮರಿಗಳು, ಹಳೆಯ ಹಡಗುಗಳ ಅವಶೇಷಗಳು ಸಿಕ್ಕವು. ವಿಮಾನ ಸಿಗಲಿಲ್ಲ.

ನಾವು ಅಳೆಯುವುದು ಶಬ್ದದಿಂದ. ಹಡಗಿನ ತಳಕ್ಕೆ ಜೋಡಿಸಿದ ಮಲ್ಟಿಬೀಮ್ ಸೋನಾರ್ ಬೀಸಣಿಗೆ ಬಿಚ್ಚಿದ ಹಾಗೆ ನೂರಾರು ಕಿರಣಗಳಲ್ಲಿ ಪ್ರತಿಧ್ವನಿಯನ್ನು ಆಲಿಸುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ತಳ ನಾಲ್ಕು ಕಿಲೋಮೀಟರ್ ಕೆಳಗಿದ್ದರೆ ಹೋಗಿ ಬರಲು ಐದು ಸೆಕೆಂಡಿಗೂ ಹೆಚ್ಚು ಬೇಕು. ಆಳದ ಸೋನಾರಿನ ಸ್ವರ 12 ಕಿಲೋಹರ್ಟ್ಸ್ ಆಸುಪಾಸಿನದು, ಕಿವಿಗೆ ಕೇಳಿಸುತ್ತದೆ. ಹಡಗಿನ ಕೆಳಗಿನ ಅಂತಸ್ತಿನಲ್ಲಿ ಮಲಗಿದರೆ ರಾತ್ರಿಯಿಡೀ ಗೋಡೆಯೊಳಗೆ ಒಂದು ಹಕ್ಕಿ ಚಿಲಿ ಎಂದು ಕೂಗಿ, ಉಸಿರು ಬಿಗಿಹಿಡಿದು, ಮತ್ತೆ ಕೂಗಿದಂತೆ. ಮೊದಲ ವಾರ ನಿದ್ದೆ ಬರುವುದಿಲ್ಲ. ಆಮೇಲೆ ಅದು ನಿಂತರೆ ಎಚ್ಚರವಾಗುತ್ತದೆ.

ನೀರಿನ ಉಷ್ಣತೆ, ಉಪ್ಪು, ಒತ್ತಡ ಬದಲಾದಂತೆ ಶಬ್ದದ ವೇಗ ಬದಲಾಗುತ್ತದೆ, ಕಿರಣ ಬಾಗುತ್ತದೆ. ಅದಕ್ಕಾಗಿ ಪಾಳಿಯಲ್ಲಿ ಆಗಾಗ ಹಿಂಬದಿಯ ಅಟ್ಟಕ್ಕೆ ಹೋಗಿ ಉಷ್ಣತೆ ಅಳೆಯುವ ಒಂದು ಪುಟ್ಟ ಸಲಾಕೆಯನ್ನು ಸಮುದ್ರಕ್ಕೆ ಬಿಡುತ್ತಿದ್ದೆವು. ಕೂದಲೆಳೆಯಂಥ ತಾಮ್ರದ ತಂತಿ ಅದರ ಬೆನ್ನಿಗೆ ಸುರುಳಿ ಬಿಚ್ಚುತ್ತಾ ಇಳಿಯುತ್ತದೆ, ಕೊನೆಗೆ ತುಂಡಾಗುತ್ತದೆ. ಅಷ್ಟರೊಳಗೆ ಬಂದ ಅಂಕಿಗಳೇ ನಮಗೆ ಬೇಕಾದದ್ದು. ಆ ಲೆಕ್ಕ ತಪ್ಪಿದರೆ ಸಪಾಟು ಬಯಲು ಕೂಡ ಪರದೆಯ ಮೇಲೆ ಎರಡೂ ಅಂಚು ಮುದುರಿಕೊಂಡ ಎಲೆಯಂತೆ ಕಾಣುತ್ತದೆ. ನಕ್ಷೆಯಲ್ಲಿ ಆ ಮುದುರು ಉಳಿದುಬಿಟ್ಟರೆ ಮುಂದೆ ಯಾರೋ ಅದನ್ನು ದಿಬ್ಬ ಎಂದು ನಂಬುತ್ತಾರೆ. ನನಗೆ ಆ ಭಯ ಕೊನೆಯವರೆಗೂ ಹೋಗಲಿಲ್ಲ.

ಒಂದು ರಾತ್ರಿ, ಮೂರು ಗಂಟೆಯ ಹೊತ್ತು. ಉಪಗ್ರಹದ ನಕ್ಷೆಯ ಪ್ರಕಾರ ನಾವಿದ್ದದ್ದು ಬಯಲಿನ ಮೇಲೆ. ಪರದೆಯ ಎಡ ಅಂಚಿನಲ್ಲಿ ಆಳ 4,100 ಇದ್ದದ್ದು 3,900 ಆಯಿತು, 3,600 ಆಯಿತು. ಉಪಕರಣ ಕೆಟ್ಟಿತೇನೋ ಎಂದುಕೊಂಡೆ. ಆರು ಗಂಟೆಗಳ ನಂತರ ಪಕ್ಕದ ಸಾಲಿನಲ್ಲಿ ವಾಪಸು ಬಂದಾಗ ಇಡೀ ಬೆಟ್ಟ ಕಾಣಿಸಿತು. ಒಂಬತ್ತು ನೂರು ಮೀಟರ್ ಎತ್ತರ, ನೆತ್ತಿಯ ಮೇಲೆ ಬಟ್ಟಲಿನಂಥ ಜ್ವಾಲಾಮುಖಿಯ ಬಾಯಿ, ಒಂದು ಕಡೆ ಕುಸಿದುಬಿದ್ದ ಪಕ್ಕೆ. ಪಾಳಿ ಮುಗಿದಿದ್ದರೂ ನಾವು ನಾಲ್ವರು ಮಾತಿಲ್ಲದೆ ನಿಂತು ನೋಡುತ್ತಿದ್ದೆವು. ಆ ಬೆಟ್ಟ ಎಷ್ಟು ಲಕ್ಷ ವರ್ಷಗಳಿಂದ ಅಲ್ಲಿತ್ತೋ, ಅದರ ಆಕಾರ ಮನುಷ್ಯರ ಕಣ್ಣಿಗೆ ಬಿದ್ದದ್ದು ಆ ಬೆಳಿಗ್ಗೆ.

ಹಳೆಯ ನಕ್ಷೆಗಳ ಓದುಗ

ಸೋನಾರ್ ಪಾಳಿಯವರ ಮಾತಿಗೆ ಎರಡು ಹಳೆಯ ಸಂಗತಿ ಸೇರಿಸುತ್ತೇನೆ, ತರಗತಿಗೆ ಉಪಯೋಗವಾದೀತು.

ಶಬ್ದಕ್ಕೆ ಮೊದಲು ಹಗ್ಗವಿತ್ತು. 1872ರಿಂದ 1876ರವರೆಗೆ ಚಾಲೆಂಜರ್ ಹಡಗು ಭೂಮಿಯನ್ನು ಸುತ್ತುತ್ತಾ ಆಳ ನೋಡಿದ್ದು ಸೆಣಬಿನ ಹಗ್ಗಕ್ಕೆ ಭಾರ ಕಟ್ಟಿ. ಭಾರ ತಳ ಮುಟ್ಟಿದ್ದು ಕೈಗೆ ತಿಳಿಯುವುದಿಲ್ಲ, ಏಕೆಂದರೆ ಅಷ್ಟುದ್ದದ ಹಗ್ಗ ತನ್ನ ತೂಕಕ್ಕೇ ಇಳಿಯುತ್ತಿರುತ್ತದೆ. ಹಾಗಾಗಿ ಪ್ರತಿ ನೂರು ಫ್ಯಾದಮ್ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಇಳಿಯುವ ವೇಗ ಥಟ್ಟನೆ ತಗ್ಗಿದರೆ ತಳ ಬಂತು ಎಂದರ್ಥ. ಫ್ಯಾದಮ್ ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ, ನಾವು ಮಾರು ಎನ್ನುತ್ತೇವಲ್ಲ ಅದೇ. 1875ರ ಮಾರ್ಚ್ 23ರಂದು ಮರಿಯಾನ ಕಂದಕದ ಬಳಿ 4,475 ಮಾರು ಹಗ್ಗ ಇಳಿಯಿತು, ಅಂದರೆ ಎಂಟು ಕಿಲೋಮೀಟರಿಗೂ ಹೆಚ್ಚು.

ಇನ್ನೊಂದು ಸಾಗರತಳದ ನಕ್ಷೆ ಬರೆದ ಅಮೆರಿಕದ ಮೇರಿ ಥಾರ್ಪ್ ಕುರಿತದ್ದು. ಆಗ ಹೆಂಗಸರನ್ನು ಸಂಶೋಧನಾ ಹಡಗಿಗೆ ಹತ್ತಿಸುತ್ತಿರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜನ್ ಮುಂತಾದವರು ಹಡಗಿನಿಂದ ತಂದ ಆಳದ ಅಂಕಿಗಳನ್ನು ಆಕೆ ದಡದಲ್ಲಿ ಕುಳಿತು ಕಾಗದಕ್ಕೆ ಇಳಿಸುತ್ತಿದ್ದರು. 1952ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಆರು ಅಡ್ಡಸೀಳುಗಳನ್ನು (ತಳದ ಏರಿಳಿತ ತೋರಿಸುವ ಗೆರೆಚಿತ್ರಗಳನ್ನು) ಒಂದರ ಕೆಳಗೊಂದು ಇಟ್ಟಾಗ, ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಒಂದು ಕಣಿವೆ ಕಾಣಿಸಿಕೊಂಡಿತು. ಭೂಖಂಡಗಳು ಸರಿಯುತ್ತವೆ ಎಂಬ, ಆಗ ಹೆಚ್ಚಿನವರು ಒಪ್ಪದಿದ್ದ ಮಾತಿಗೆ ಅದು ಪುಷ್ಟಿ ಕೊಡುತ್ತಿತ್ತು. ಹೀಜನ್ ಅದನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕಿದರು. ಪಕ್ಕದ ಮೇಜಿನಲ್ಲಿ ಹಾವರ್ಡ್ ಫಾಸ್ಟರ್ ಕಡಲಿನ ಭೂಕಂಪಗಳನ್ನು ಗುರುತು ಹಾಕುತ್ತಿದ್ದರು. ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕೆಳಗಿನಿಂದ ದೀಪ ಹಿಡಿದಾಗ ಭೂಕಂಪದ ಚುಕ್ಕೆಗಳು ಆ ಕಣಿವೆಯ ಗುಂಟ ಬಂದು ಕುಳಿತಿದ್ದವು.

ಜೀವಶಾಸ್ತ್ರದ ವಿದ್ಯಾರ್ಥಿ

ಅಳೆಯುವುದೇ ಬೇರೆ, ಕಣ್ಣಾರೆ ನೋಡುವುದೇ ಬೇರೆ ಎಂದೂ ಮಕ್ಕಳಿಗೆ ಹೇಳಿ ಮೇಡಂ. ಆಳ ಸಾಗರದ ತಳದಲ್ಲಿ ಮನುಷ್ಯರೋ ಕ್ಯಾಮೆರಾಗಳೋ ನೋಡಿರುವುದು ಶೇಕಡಾ 0.001ಕ್ಕಿಂತ ಕಡಿಮೆ ಎಂದು 2025ರಲ್ಲಿ ಲೆಕ್ಕ ಹಾಕಿದ್ದಾರೆ. 1977ರಲ್ಲಿ ಗ್ಯಾಲಪಾಗಸ್ ಬಳಿ ಆಲ್ವಿನ್ ಎಂಬ ನೌಕೆಯಲ್ಲಿ ಎರಡೂವರೆ ಕಿಲೋಮೀಟರ್ ಆಳಕ್ಕೆ ಇಳಿದವರು ಬಿಸಿನೀರಿನ ಬುಗ್ಗೆ ಹುಡುಕಲು ಹೋದ ಭೂವಿಜ್ಞಾನಿಗಳು. ಬುಗ್ಗೆಯ ಸುತ್ತ ಕಪ್ಪೆಚಿಪ್ಪುಗಳು, ಕೆಂಪು ತುದಿಯ ಕೊಳವೆಹುಳುಗಳು ತುಂಬಿಕೊಂಡಿದ್ದವು, ಸೂರ್ಯನ ಬೆಳಕು ಮುಟ್ಟದ ಜಾಗದಲ್ಲಿ. ತಂಡದಲ್ಲಿ ಜೀವಶಾಸ್ತ್ರಜ್ಞರು ಒಬ್ಬರೂ ಇರಲಿಲ್ಲ. ಸಿಕ್ಕ ಕೆಲವು ಜೀವಿಗಳನ್ನು ವೋಡ್ಕಾದಲ್ಲಿ ಅದ್ದಿಟ್ಟು ತಂದರು.

ಭೂಗೋಳ ಶಿಕ್ಷಕಿ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಇವತ್ತು ಕಂಬಳಿಯ ಹೋಲಿಕೆಯಿಂದಲೇ ಪಾಠ ಶುರು ಮಾಡಿದೆ. ಒಬ್ಬ ಹುಡುಗ ಹಗ್ಗದ ಲೆಕ್ಕ ಕೇಳಿ, ತನ್ನ ಎರಡೂ ಕೈ ಚಾಚಿ ತರಗತಿಯ ಉದ್ದ ಅಳೆದ. ಪ್ರಶ್ನೆ ಕೇಳಿದ ಹುಡುಗಿ ಭೂಪಟವನ್ನು ಹಿಗ್ಗಿಸುತ್ತಾ ಹೋಗಿ, ಮಸುಕಾದ ನೀಲಿಯ ನಡುವೆ ರಿಬ್ಬನ್ನಿನಂತೆ ಸ್ಪಷ್ಟವಾದ ಗೆರೆಗಳಿವೆ, ಏನಿವು ಎಂದಳು. ಜೊತೆಗೆ ಇನ್ನೊಂದು: ಒಂದೇ ಹಡಗು ಉಳಿದದ್ದನ್ನೆಲ್ಲ ಅಳೆದರೆ ಎಷ್ಟು ದಿನ ಬೇಕು?

ಸೋನಾರ್ ಪಾಳಿ

ಆ ಗೆರೆಗಳೇ ಹಡಗು ಹೋದ ದಾರಿಗಳು ಮೇಡಂ! ಅವಳು ತಾನಾಗಿಯೇ ಅದನ್ನು ಕಂಡಳು ಎಂದು ಓದಿ ಬಹಳ ಸಂತೋಷವಾಯಿತು. 2009ರಲ್ಲಿ ಇಂಥವೇ ಗೆರೆಗಳನ್ನು ಕಂಡು, ದಂತಕಥೆಯಲ್ಲಿ ಬರುವ ಮುಳುಗಿದ ಅಟ್ಲಾಂಟಿಸ್ ನಗರದ ಬೀದಿಗಳು ಎಂದು ದೊಡ್ಡ ಸುದ್ದಿಯಾಗಿತ್ತು. ಗೆರೆಯ ಒಳಗೆ ಕಾಣುವುದು ಅಳೆದದ್ದು, ಹೊರಗಿನದು ಬಹುಪಾಲು ಊಹಿಸಿದ್ದು.

ಲೆಕ್ಕ ಹೀಗೆ. ನಾಲ್ಕು ಕಿಲೋಮೀಟರ್ ಆಳದಲ್ಲಿ ಒಂದು ಸಾಲಿಗೆ ಸುಮಾರು 14 ಕಿಲೋಮೀಟರ್ ಅಗಲ ಸಿಗುತ್ತದೆ ಎನ್ನೋಣ. ಹಡಗಿನ ವೇಗ ಗಂಟೆಗೆ 18.5 ಕಿಲೋಮೀಟರ್. ಹೊಲ ಉಳುವ ಹಾಗೆ ಹೋಗಿ, ತಿರುಗಿ, ಪಕ್ಕದ ಸಾಲು ಹಿಡಿದು ಬರಬೇಕು. ಹಗಲೂ ರಾತ್ರಿ ನಿಲ್ಲದೆ ಹೋದರೆ ದಿನಕ್ಕೆ ಸುಮಾರು 6,200 ಚದರ ಕಿಲೋಮೀಟರ್. ಸಾಗರಗಳ ಒಟ್ಟು ವಿಸ್ತೀರ್ಣ 36.1 ಕೋಟಿ ಚದರ ಕಿಲೋಮೀಟರ್. ಇಡೀ ಸಾಗರತಳದ ನಕ್ಷೆ ಮಾಡುವ ಸೀಬೆಡ್ 2030 ಯೋಜನೆ 2017ರಲ್ಲಿ ಶುರುವಾದಾಗ ಅಳೆದದ್ದು ಶೇಕಡಾ 6 ಮಾತ್ರ ಇತ್ತು, 2025ರ ಜೂನ್ ವೇಳೆಗೆ 27.3 ಆಗಿತ್ತು. ಉಳಿದದ್ದಕ್ಕೆ ಒಂದೇ ಹಡಗಾದರೆ ನೂರು ವರ್ಷ ದಾಟುತ್ತದೆ. ಆಳ ಕಡಿಮೆಯಿರುವ ಕಡೆ ಬೀಸಣಿಗೆ ಕಿರಿದಾಗುವುದರಿಂದ ಇನ್ನೂ ಎಷ್ಟೋ ಹೆಚ್ಚು. ಬಿರುಗಾಳಿಯಲ್ಲಿ ಹಡಗಿನಡಿ ಗುಳ್ಳೆಗಳು ನುಗ್ಗಿ ಸೋನಾರ್ ಕುರುಡಾಗುವ ದಿನಗಳನ್ನು ನಾನು ಸೇರಿಸಿಯೇ ಇಲ್ಲ.

ಗೆರೆಯೇ ಇಲ್ಲದ ಒಂದು ಜಾಗವನ್ನು ಅವಳೇ ಆರಿಸಿಕೊಳ್ಳಲಿ. ದಕ್ಷಿಣ ಪೆಸಿಫಿಕ್ ಸಾಗರದಲ್ಲಿ ಬೇಕಾದಷ್ಟಿವೆ. ಅದರ ಅಕ್ಷಾಂಶ, ರೇಖಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲು ಹೇಳಿ. ಜೆಬ್ಕೊ ಸಂಸ್ಥೆ ವರ್ಷವರ್ಷವೂ ಹೊಸ ನಕ್ಷೆ ಬಿಡುಗಡೆ ಮಾಡುತ್ತದೆ, ಯಾವುದು ಅಳೆದದ್ದು ಯಾವುದು ಊಹಿಸಿದ್ದು ಎಂದು ತೋರಿಸುವ ಹಾಳೆಯೂ ಅದರ ಜೊತೆಗೇ ಬರುತ್ತದೆ, ಎರಡೂ ಉಚಿತ. ಪ್ರತಿ ವರ್ಷ ಅದೇ ಜಾಗವನ್ನು ತೆರೆದು ನೋಡಲಿ. ಗೆರೆ ಬಂದ ವರ್ಷ ನನಗೂ ಒಂದು ಸಾಲು ಬರೆಯಿರಿ.