ಜೈಲಿನಲ್ಲಿರುವ ನನ್ನ ತಮ್ಮ ರಕ್ತ ಪರೀಕ್ಷೆಗೆ ಒಪ್ಪಬೇಕಾ?

ಕೇಳಿದವರು, ಸೋಮವಾರಪೇಟೆ ಕಡೆಯಿಂದ:
ತಮ್ಮ ವಿಚಾರಣಾಧೀನ ಕೈದಿಯಾಗಿ ಮಡಿಕೇರಿ ಜೈಲಿನಲ್ಲಿದ್ದಾನೆ. ಎಚ್‌ಐವಿ, ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡೋ ರೋಗ), ಲಿವರ್ ಕಾಯಿಲೆ ಹೆಪಟೈಟಿಸ್‌ಗೆ ರಕ್ತ ತೆಗೀತಾರಂತೆ. "ನಂಗೇನೂ ಆಗಿಲ್ಲ, ಊರಿಗೆಲ್ಲ ಗೊತ್ತಾದ್ರೆ?" ಅಂತ ಹಿಂಜರೀತಿದ್ದಾನೆ. ಅನುಭವ ಇದ್ದವರು ಹೇಳಿ.

ಐಸಿಟಿಸಿಯಲ್ಲಿ (ಸರ್ಕಾರಿ ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕಿಯಾಗಿದ್ದವರು:
ಕೊಡ್ಲಿ ಅಮ್ಮಾ, ಖಂಡಿತ ಕೊಡ್ಲಿ. ಏನೂ ಆಗಿಲ್ಲ ಅನ್ನಿಸೋದೇ ಈ ಕಾಯಿಲೆಗಳ ಅಪಾಯ. ಸಿಫಿಲಿಸ್ ಹುಣ್ಣು ನೋಯೋದಿಲ್ಲ, ಔಷಧಿ ಇಲ್ಲದೆ ತಾನೇ ಮಾಯುತ್ತೆ, ಸೋಂಕು ಮಾತ್ರ ಒಳಗೇ ಇರುತ್ತೆ. ಹೆಪಟೈಟಿಸ್ ಬಿ, ಸಿ ಬರೋಕೆ ಲೈಂಗಿಕ ಸಂಪರ್ಕವೇ ಆಗಬೇಕಿಲ್ಲ. ಒಬ್ಬರ ಬ್ಲೇಡ್ ಇನ್ನೊಬ್ಬರು ಬಳಸಿದರೂ, ಒಂದೇ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಂಡರೂ ಬರಬಹುದು. ಎಚ್‌ಐವಿ ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೆ ಅದೇ ಕೊನೆಯಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿಯೇ ಖಚಿತ ಮಾಡ್ತಾರೆ. ನೆಗೆಟಿವ್ ಬಂದರೂ, ಇತ್ತೀಚೆಗೆ ಸೋಂಕು ತಗುಲಿರೋ ಸಾಧ್ಯತೆ ಇದ್ದರೆ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು.

ವಿರಾಜಪೇಟೆಯ ವಕೀಲರು:
2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ತಿಳಿಸಿ ಹೇಳಿ, ಒಪ್ಪಿಗೆ ಪಡೆದೇ ಎಚ್‌ಐವಿ ಪರೀಕ್ಷೆ ಮಾಡಬೇಕು. ಫಲಿತಾಂಶವನ್ನು ಬೇಕಾದವರಿಗೆಲ್ಲ ಹೇಳುವ ಹಾಗಿಲ್ಲ. ಪಾಸಿಟಿವ್ ಅಂತ ಭೇದ ಮಾಡಿ ಬೇರೆ ಇಡುವಂತೆಯೂ ಇಲ್ಲ. ನಮ್ಮದು ಸಣ್ಣ ಜಿಲ್ಲೆ, ಎಲ್ಲರಿಗೂ ಎಲ್ಲರೂ ಪರಿಚಯ, ನಿಮ್ಮ ಭಯ ಅರ್ಥವಾಗುತ್ತೆ. ಯಾರಾದರೂ ಬಾಯಿಬಿಟ್ಟರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ದೂರು ಕೊಡಿ, ಕೈದಿಗಳಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗ್ತಾರೆ.

ಸಿದ್ದಾಪುರ ಹತ್ತಿರದ ತೋಟದಿಂದ ಒಬ್ಬರು:
ಅಕ್ಕಾ, ನನ್ನ ಮನೆಯವರು ಬೇರೆ ಜಿಲ್ಲೆಯ ಜೈಲಿನಲ್ಲಿದ್ದಾಗ ರಕ್ತ ಕೊಟ್ಟಿದ್ದರು. ರಿಪೋರ್ಟ್ ಬರೋ ಮೊದಲೇ ಜಾಮೀನಾಯ್ತು. ಕಾಫಿ ಕೊಯ್ಲಿನ ಸಮಯ, ಸೀದಾ ತೋಟದ ಕಾರ್ಮಿಕರ ಲೈನ್ ಮನೆಗೆ ಬಂದು ಕೆಲಸಕ್ಕೆ ಸೇರಿಕೊಂಡರು. ಆ ರಿಪೋರ್ಟ್ ಏನಾಯ್ತು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಬಸುರಿಯಾದಾಗ ತಪಾಸಣೆಯಲ್ಲಿ ನನಗೇ ಸಿಫಿಲಿಸ್ ಇದೆ ಅಂದರು. ಎದೆ ಒಡೆದು ಹೋಯ್ತು. ಇಬ್ಬರಿಗೂ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಮಗು ಚೆನ್ನಾಗಿದೆ, ಆದರೆ ಆ ತಿಂಗಳುಗಳನ್ನು ಯಾವ ಹೆಣ್ಣೂ ಅನುಭವಿಸಬಾರದು. ಆದ್ದರಿಂದ ತಮ್ಮನಿಗೆ ಹೇಳಿ: ರಿಪೋರ್ಟ್ ಯಾವಾಗ ಬರುತ್ತೆ, ಅಷ್ಟರಲ್ಲಿ ಹೊರಗೆ ಬಂದರೆ ಎಲ್ಲಿ ಸಿಗುತ್ತೆ ಅಂತ ರಕ್ತ ಕೊಡೋವಾಗಲೇ ಕೇಳಲಿ. ಸಿಕ್ಕ ಚೀಟಿ ಬಿಸಾಡದಿರಲಿ.

ಆಪ್ತಸಮಾಲೋಚಕಿ ಮತ್ತೆ:
ಈ ತಂಗಿ ಹೇಳಿದ್ದು ಅತಿ ಮುಖ್ಯ. ವಿಚಾರಣಾಧೀನರಿಗೆ ಜಾಮೀನು ಯಾವತ್ತು ಆಗುತ್ತೋ ಗೊತ್ತಿರಲ್ಲ, ಬೇರೆ ಜೈಲಿಗೂ ಕಳಿಸಬಹುದು. ಸಿಫಿಲಿಸ್ ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಬೇಕು, ನಡುವೆ ನಿಲ್ಲಬಾರದು. ಎಚ್‌ಐವಿ ಮಾತ್ರೆಯಂತೂ ಒಂದು ದಿನವೂ ತಪ್ಪಬಾರದು. ನಿಮ್ಮ ತಮ್ಮನಿಗೆ ಮದುವೆಯಾಗಿದ್ದರೆ ಹೆಂಡತಿಯೂ ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲಿ, ದುಡ್ಡು ಕೊಡಬೇಕಿಲ್ಲ. ಮುಖ ತೋರಿಸೋಕೆ ಸಂಕೋಚವಾದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಲಿ.