ಸ್ಟುಟ್‌ಗಾರ್ಟ್‌ನಲ್ಲಿ ಓದುವಾಗ ಶನಿವಾರ, ರವಿವಾರದ ತಿರುಗಾಟ ಎಷ್ಟರಮಟ್ಟಿಗೆ ಸಾಧ್ಯ?

ಪ್ರಶ್ನೆ: ಕರ್ವೆನಗರದ ಚಾರಣಿಗ, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮ ಮೂಲ ವಿಜಯಪುರ ಜಿಲ್ಲೆ. ಅಜ್ಜನ ಕಾಲದಿಂದ ಪುಣೆಯಲ್ಲೇ ನೆಲೆಸಿದ್ದೇವೆ. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಲು ನನಗೆ ಪ್ರವೇಶ ದೊರೆತಿದ್ದು, ಅಕ್ಟೋಬರ್‌ನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗೆ ಹೊರಡುವ ಸಿದ್ಧತೆಯಲ್ಲಿದ್ದೇನೆ. ಇಲ್ಲಿ ಮಳೆಗಾಲ ಬಂದಿತೆಂದರೆ ರವಿವಾರ ಮನೆಯಲ್ಲಿ ಕುಳಿತವನಲ್ಲ. ಸ್ವಾರ್‌ಗೇಟ್‌ನಿಂದ ಬೆಳಗಿನ ಎಸ್.ಟಿ. ಬಸ್ಸು ಹಿಡಿದು ರಾಜಗಡ ಕೋಟೆಗೋ ತೋರಣ ಕೋಟೆಗೋ ಹೋಗಿ, ಕೆಸರು ಮೆತ್ತಿದ ಬೂಟಿನಲ್ಲಿ ಕತ್ತಲಾದ ಮೇಲೆ ಮರಳುವುದೇ ರೂಢಿ. ಅಲ್ಲಿಗೆ ಹೋದ ಮೇಲೂ ಈ ರೂಢಿಯನ್ನು ಬಿಡಲು ಮನಸ್ಸಿಲ್ಲ.

ಆದರೆ ವೀಸಾಕ್ಕಾಗಿ, ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ಇರಿಸಿರುವುದು ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ ಕೈಗೆ ಸಿಗುವುದು 992 ಯೂರೋ. ಬಾಡಿಗೆ, ಆರೋಗ್ಯ ವಿಮೆ, ಊಟ ಕಳೆದರೆ ತಿರುಗಾಟಕ್ಕೆ ಏನು ಉಳಿದೀತು? ಒಂದೇ ವೀಸಾದಲ್ಲಿ ನೆರೆಯ ದೇಶಗಳಿಗೂ ಹೋಗಿಬರಬಹುದೇ? “ನೀ ಓದಲಿಕ್ಕೆ ಹೊಂಟೀಯೋ, ತಿರುಗಲಿಕ್ಕೆ ಹೊಂಟೀಯೋ?” ಎಂದು ಅಪ್ಪ ದಿನವೂ ಕೇಳುತ್ತಿದ್ದಾರೆ. ಅವರಿಗೆ ಹೇಳಲು ನನಗೊಂದು ಲೆಕ್ಕ ಬೇಕಾಗಿದೆ.

ಉತ್ತರ: ಹಿಂಜವಡಿ ನಿವಾಸಿ

ಅದೇ ವಿಶ್ವವಿದ್ಯಾಲಯದ ಫೈಹಿಂಗನ್ ಕ್ಯಾಂಪಸ್‌ನಲ್ಲಿ ಓದಿ ಮರಳಿ ಈಗ ಪುಣೆಯಲ್ಲಿ ಕೆಲಸದಲ್ಲಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ತಿರುಗಾಟವೆಲ್ಲ ನಿಲ್ಲುವುದು ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಮಾಸಿಕ ಪಾಸಿನ ಮೇಲೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ಈ ಪಾಸಿನ ಬೆಲೆ 2026ರ ಜನವರಿಯಿಂದ 63 ಯೂರೋ ಆಗಿದೆ. ನಿಮಗೆ 27 ತುಂಬಿರದಿದ್ದರೆ, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ವಿದ್ಯಾರ್ಥಿಗಳಿಗೆಂದೇ ಇದರ ಅಗ್ಗದ ರೂಪವೊಂದಿದೆ. ಮೊದಲು ಅದನ್ನು ವಿಚಾರಿಸಿ. ನಗರದ ಬಸ್ಸು, ಟ್ರಾಮು, ಎಸ್-ಬಾನ್ ಎಂಬ ಸ್ಥಳೀಯ ರೈಲು ಹಾಗೂ ಇಡೀ ದೇಶದ ಪ್ರಾದೇಶಿಕ ರೈಲುಗಳಲ್ಲಿ ಈ ಪಾಸು ನಡೆಯುತ್ತದೆ, ಐಸಿಇಯಂತಹ ವೇಗದ ಗಾಡಿಗಳಲ್ಲಿ ನಡೆಯುವುದಿಲ್ಲ. ಡೆಕ್ಕನ್ ಕ್ವೀನ್ ಬಿಟ್ಟು ಪ್ಯಾಸೆಂಜರ್ ಗಾಡಿಯಲ್ಲಿ ಮುಂಬಯಿಗೆ ಹೊರಟಂತೆ ಎಂದುಕೊಳ್ಳಿ: ಹೊತ್ತು ಹೆಚ್ಚು ಹಿಡಿಯುತ್ತದೆ, ಊರು ಹೆಚ್ಚು ಕಾಣುತ್ತವೆ. ಇದು ತಿಂಗಳು ತಿಂಗಳೂ ತಾನಾಗಿ ಮುಂದುವರಿಯುವ ಚಂದಾ ಆದ್ದರಿಂದ, ಬೇಡವಾದರೆ ಆಯಾ ತಿಂಗಳ 10ನೇ ತಾರೀಖಿನೊಳಗೆ ರದ್ದುಮಾಡಬೇಕು. ಕ್ಲಾಸಿಗೆ ಹೋಗಲು ಈ ಪಾಸು ಹೇಗೂ ಬೇಕು. ಹಾಗಾಗಿ ರವಿವಾರದ ರೈಲು ಖರ್ಚು ಸೊನ್ನೆ ಎಂದೇ ನಿಮ್ಮ ತಂದೆಯವರಿಗೆ ಲೆಕ್ಕ ಕೊಡಬಹುದು.

ಗಡ ಹತ್ತುವ ನಿಮಗೆ ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕಿರುವ ಶ್ವೇಬಿಷ್ ಆಲ್ಬ್ ಬೆಟ್ಟಸಾಲು ಹೇಳಿ ಮಾಡಿಸಿದ ಜಾಗ. ಮೆಟ್ಸಿಂಗನ್‌ನಲ್ಲಿ ಗಾಡಿ ಬದಲಿಸಿ ಬಾಡ್ ಉರಾಖ್ ಕಡೆಗೆ ಹೋದರೆ, ಜಲಪಾತದ ಹೆಸರಿನದೇ ಒಂದು ಪುಟ್ಟ ನಿಲ್ದಾಣ ಸಿಗುತ್ತದೆ. ಅಲ್ಲಿಂದ ಹೊಳೆಯ ಗುಂಟ ಕಾಡಿನಲ್ಲಿ ನಡೆದರೆ 37 ಮೀಟರ್ ಎತ್ತರದಿಂದ ಬೀಳುವ ನೀರು ಎದುರಾಗುತ್ತದೆ. ಸಹ್ಯಾದ್ರಿಯ ಆಷಾಢದ ಧಾರೆಗಳನ್ನು ಕಂಡವರಿಗೆ ಅದು ಸಣ್ಣದೆನ್ನಿಸೀತು. ಆದರೆ ಅದು ಬೀಳುವುದು ಬಂಡೆಯ ಮೇಲಲ್ಲ. ನೀರಿನಲ್ಲಿ ಕರಗಿದ ಸುಣ್ಣವೇ ಕಾಲಾಂತರದಲ್ಲಿ ಗಟ್ಟಿಗೊಂಡು ಕಟ್ಟಿದ, ಪಾಚಿ ಹೊದ್ದ ದಿಬ್ಬದ ಮೇಲೆ. ಕಪ್ಪು ಬಸಾಲ್ಟನ್ನೇ ನೋಡಿದ ಕಣ್ಣಿಗೆ ಆ ಸುಣ್ಣಕಲ್ಲಿನ ಬಿಳುಪು ಹೊಸದು. ಮೇಲಕ್ಕೆ ಏರುತ್ತ ಹೋದರೆ ಹೋಹೆನ್‌ಉರಾಖ್ ಕೋಟೆಯ ಪಾಳು ಗೋಡೆಗಳಿವೆ. ಪ್ರತಿ ಕವಲಿನಲ್ಲೂ ದೂರ ಬರೆದ ಫಲಕ ನೆಟ್ಟಿರುತ್ತಾರೆ; ದಾರಿ ತಪ್ಪುವ ಸುಖ ಮಾತ್ರ ಅಲ್ಲಿ ಸಿಗದು.

ಇನ್ನೊಂದು ವಾರ ಟ್ಯೂಬಿಂಗನ್ ದಾಟಿ ಹೆಖಿಂಗನ್‌ನಲ್ಲಿಳಿದು ಹೋಹೆನ್‌ಜೊಲರ್ನ್ ಕೋಟೆಗೆ ಹೋಗಬಹುದು. ಚಿತ್ರಗಳಲ್ಲಿ ಬಲು ಪ್ರಾಚೀನವಾಗಿ ಕಾಣುವ ಈಗಿನ ಕಟ್ಟಡ ಪೂರ್ಣಗೊಂಡದ್ದು 1867ರಲ್ಲಿ, ಎಂದರೆ ನಮ್ಮ ಗಡಗಳ ಎದುರು ಅದು ಕೂಸು. ಉಲ್ಮ್ ನಗರದ ಇಗರ್ಜಿಯ 161.5 ಮೀಟರ್ ಗೋಪುರ ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಅತ್ಯಂತ ಎತ್ತರದ ಚರ್ಚು ಎನ್ನಿಸಿಕೊಂಡಿತ್ತು. 2025ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಅದನ್ನು ಮೀರಿಸಿತು. ಗೋಪುರಕ್ಕೆ 768 ಮೆಟ್ಟಿಲು. ತುದಿಯವರೆಗೆ ಬಿಡುತ್ತಾರೆಯೇ ಎಂದು ಮೊದಲೇ ನೋಡಿಕೊಳ್ಳಿ.

ರವಿವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ನಿಲ್ದಾಣಗಳಲ್ಲಿ ಮಾತ್ರ ಏನಾದರೂ ಸಿಕ್ಕೀತು. ಶನಿವಾರ ಸಂಜೆಯೇ ರೊಟ್ಟಿ, ಹಣ್ಣು, ಮೊಸರು ತಂದಿಟ್ಟುಕೊಳ್ಳಿ. ಮನೆಯಿಂದ ಒಯ್ದ ಶೇಂಗಾ ಚಟ್ನಿ ಅಲ್ಲಿನ ಬ್ರೆಟ್ಸೆಲ್ ಎಂಬ ಬ್ರೆಡ್ಡಿನ ಜೊತೆಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಉತ್ತರ: ಡೊಂಬಿವಲಿಯಿಂದ, ವಿದ್ಯಾರ್ಥಿನಿಯೊಬ್ಬಳ ತಂದೆ

ಮೇಲಿನವರು ದಾರಿ ಹೇಳಿದ್ದಾರೆ, ನಾನು ಕಾಗದಪತ್ರದ ಮಾತು ಹೇಳುತ್ತೇನೆ. ಜರ್ಮನಿಯ ವಿದ್ಯಾರ್ಥಿ ವೀಸಾ ಅಥವಾ ಅನಂತರ ಸಿಗುವ ವಾಸದ ಪರವಾನಗಿ ಕಾರ್ಡು ಇದ್ದರೆ, ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟವಾದ ಷೆಂಗನ್ ವಲಯದ ಬೇರೆ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಪ್ರವಾಸಿಯಾಗಿ ಇರಬಹುದು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗನ್‌ನಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡಿಗೆ ಬೇರೆ ವೀಸಾ ಬೇಕು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿದ ಮೇಲೆ, ರೈಲಿನಲ್ಲಿ ಪೊಲೀಸರು ಬಂದು ಕೇಳುವುದು ಸಾಮಾನ್ಯವಾಯಿತು. ಮೊಬೈಲಿನಲ್ಲಿರುವ ಫೋಟೋ ಸಾಲದು. ಮೂಲ ಪಾಸ್‌ಪೋರ್ಟ್, ಕಾರ್ಡು ಎರಡೂ ಜೊತೆಯಲ್ಲಿರಬೇಕು.

ನನ್ನ ಮಗಳ ಊರಿನ ಕಚೇರಿ ಕಾರ್ಡು ಕೊಡಲು ತಿಂಗಳುಗಟ್ಟಲೆ ಎಳೆಯಿತು. ಅಷ್ಟರಲ್ಲಿ ವೀಸಾ ಮುಗಿದು, ಕೈಯಲ್ಲಿದ್ದದ್ದು ಮಧ್ಯಂತರ ಪತ್ರವೊಂದೇ. ಅಂಥ ಪತ್ರ ಹಿಡಿದು ಗಡಿ ದಾಟುವ ಮುನ್ನ, ಅದು ಪ್ರಯಾಣಕ್ಕೆ ನಡೆಯುತ್ತದೆಯೇ ಎಂದು ಕೊಟ್ಟ ಕಚೇರಿಯನ್ನೇ ಕೇಳಿ ಲಿಖಿತ ಉತ್ತರ ಪಡೆಯಿರಿ. ಫೋನಿನ ವಿಷಯದಲ್ಲೂ ಒಂದು ಎಚ್ಚರ ಬೇಕು: ಐರೋಪ್ಯ ಒಕ್ಕೂಟದ ಉಚಿತ ರೋಮಿಂಗ್ ನಿಯಮ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ. ಕಾನ್‌ಸ್ಟಾನ್ಸ್ ಸರೋವರದ (ಸ್ವಿಸ್ ಗಡಿಯಲ್ಲಿದೆ) ದಂಡೆಯಲ್ಲಿ ನಿಂತರೆ ಸ್ವಿಸ್ ಜಾಲ ತಾನಾಗಿ ಹಿಡಿದುಕೊಳ್ಳುತ್ತದೆ, ಬಿಲ್ಲು ಆಮೇಲೆ ಬರುತ್ತದೆ.

ಆದರೆ ಕಾಡು, ಕೋಟೆ ಎಂದು ಪ್ಯಾರಿಸನ್ನೇ ಬಿಡಬೇಡಿ ತಮ್ಮಾ. ಸ್ಟುಟ್‌ಗಾರ್ಟ್‌ನಿಂದ ವೇಗದ ರೈಲಿನಲ್ಲಿ ಮೂರು ತಾಸು ಚಿಲ್ಲರೆ ಅಷ್ಟೇ. ಬೇಗ ಕಾದಿರಿಸಿದರೆ ಟಿಕೆಟ್ ಅಗ್ಗವಾಗಿ ಸಿಗುತ್ತದೆ. ಇಲ್ಲಿಂದ ಮತ್ತೊಮ್ಮೆ ವೀಸಾ ಮಾಡಿಸಿ ಹೋಗುವುದು ಎಷ್ಟು ದುಬಾರಿ ಎಂಬುದು ಸಂಸಾರ ಕಟ್ಟಿಕೊಂಡ ಮೇಲೆ ತಿಳಿಯುತ್ತದೆ.

ಉತ್ತರ: ಮಡಗಾಂವ್‌ನಿಂದ, ಮೂಲ ಮಂಗಳೂರು

ಕನ್ನಡಿಗರೊಬ್ಬರು ಸ್ಟುಟ್‌ಗಾರ್ಟ್‌ಗೆ ಹೊರಟಿದ್ದಾರೆಂದಾಗ ಯಾರೂ ಹೇಳದ ಮಾತೊಂದು ಉಳಿಯಿತು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಎಸ್ಲಿಂಗನ್‌ನಲ್ಲಿ, 1881ರಲ್ಲಿ. ಆ ಊರು ನಿಮಗೆ ಎಸ್-ಬಾನ್ ದೂರ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಫರ್ಡಿನೆಂಡ್ ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗನ್‌ನಲ್ಲಿ. ಅವರ ಸಮಾಧಿಯೂ ಅಲ್ಲೇ ಇದೆ. ಆ ಊರಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟನ್ನೂ ನೀಡಿತ್ತು. ಹೋಹೆನ್‌ಜೊಲರ್ನ್‌ಗೆ ಹೋಗುವ ರೈಲು ಟ್ಯೂಬಿಂಗನ್ ಮೂಲಕವೇ ಸಾಗುವುದರಿಂದ, ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಆಸೆ ಬರಬಹುದು. ನನ್ನ ಅಭಿಪ್ರಾಯದಲ್ಲಿ ಟ್ಯೂಬಿಂಗನ್‌ಗೆ ಒಂದು ಇಡೀ ದಿನ ಕೊಡುವುದು ಒಳ್ಳೆಯದು.

ಇವರನ್ನೆಲ್ಲ ಇಲ್ಲಿಗೆ ಕಳುಹಿಸಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ದಾಖಲೆಗಳು, ಹತ್ತೊಂಬತ್ತನೆಯ ಶತಮಾನದ ನಮ್ಮ ಕರಾವಳಿಯ ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ನಿಮ್ಮ ಪಾಸು ಅಲ್ಲಿನ ಬಾಡಿಷರ್ ಬಾನ್‌ಹೋಫ್ ನಿಲ್ದಾಣದವರೆಗೂ ನಡೆಯುತ್ತದೆ. ದಾಖಲೆ ನೋಡಬೇಕೆಂದರೆ ಮೊದಲೇ ಪತ್ರ ಬರೆದು, ವಾರದ ದಿನದಲ್ಲೇ ಹೋಗುವ ಯೋಜನೆ ಹಾಕಿಕೊಳ್ಳಿ.

ಮರುಪ್ರಶ್ನೆ: ಕರ್ವೆನಗರದ ಚಾರಣಿಗ

ಎಲ್ಲರಿಗೂ ಕೃತಜ್ಞತೆಗಳು. ಕಿಟೆಲ್ ಅವರ ಸಮಾಧಿ ಅಷ್ಟು ಹತ್ತಿರವಿದೆಯೆಂದು ತಿಳಿದು ಅಪ್ಪನ ಧ್ವನಿ ಸ್ವಲ್ಪ ಮೆತ್ತಗಾಗಿದೆ. ಉಳಿದಿರುವುದು ಅವ್ವನ ಪ್ರಶ್ನೆ: ಚಳಿಗಾಲದಲ್ಲಿ ಒಬ್ಬನೇ ಬೆಟ್ಟ ಹತ್ತುವುದು ಅಪಾಯವಲ್ಲವೇ?

ಉತ್ತರ: ಹಿಂಜವಡಿ ನಿವಾಸಿ

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಪುಣೆಯಲ್ಲಿ ನಾಷ್ಟಾ ಮುಗಿಸಿ ಹೊರಟಂತೆ ತಡವಾಗಿ ಹೊರಟರೆ ಇಳಿಯುವಾಗ ಕತ್ತಲು, ಕಾಲಡಿ ಮಂಜುಗಡ್ಡೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ಯೂಬಿಂಗನ್, ಎಸ್ಲಿಂಗನ್, ಉಲ್ಮ್‌ನಂತಹ ಊರುಗಳನ್ನು ಇಟ್ಟುಕೊಳ್ಳಿ. ಫೆಬ್ರವರಿ, ಮಾರ್ಚ್ ಹೇಗೂ ಪರೀಕ್ಷೆಗೆ ಹೋಗುತ್ತವೆ. ಬೆಟ್ಟಗಳನ್ನು ಏಪ್ರಿಲ್ ನಂತರಕ್ಕೆ ಬಿಡಿ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ವಿಚಾರಿಸಿದರೆ ಜೊತೆಗಾರರೂ ಸಿಕ್ಕಾರು. ತುರ್ತು ಸಂಖ್ಯೆ 112.

ನಿಮ್ಮ ತಾಯಿಯವರು ಕೇಳದಿದ್ದರೂ ಹೇಳಬೇಕಾದ ನಿಜವಾದ ಅಪಾಯ ಬೇಸಿಗೆಯ ಹುಲ್ಲಿನಲ್ಲಿರುತ್ತದೆ. ಆ ರಾಜ್ಯದ ಬಹುಭಾಗದಲ್ಲಿ ರಕ್ತ ಹೀರುವ ಉಣ್ಣೆ ಹುಳಗಳ ಕಡಿತದಿಂದ ಮಿದುಳಿನ ಉರಿಯೂತ ತರುವ ಎಫ್‌ಎಸ್‌ಎಂಇ ಎಂಬ ವೈರಸ್ ರೋಗ ಹರಡುತ್ತದೆ. ಅದಕ್ಕೆ ಲಸಿಕೆಯಿದೆ, ಹಲವು ಡೋಸುಗಳಲ್ಲಿ ಕೊಡುತ್ತಾರೆ. ಚಳಿಗಾಲದಲ್ಲೇ ಆರಂಭಿಸಿದರೆ ಬೆಟ್ಟದ ಕಾಲಕ್ಕೆ ರಕ್ಷಣೆ ಸಿದ್ಧವಾಗಿರುತ್ತದೆ. ನಿಮ್ಮ ವಿಮೆ ಅದರ ವೆಚ್ಚವನ್ನು ಭರಿಸುತ್ತದೆಯೇ ಎಂದು ವೈದ್ಯರಲ್ಲಿಗೆ ಹೋಗುವ ಮುನ್ನ ವಿಚಾರಿಸಿಕೊಳ್ಳಿ.