ಲೋಡ್ ಹಾಕಿದರೆ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುತ್ತದೆ, ಫ್ರೇಮ್ ಬದಲಿಸಬೇಕಾ?

ಪ್ರಶ್ನೆ:

ನಮಸ್ಕಾರ ಎಲ್ಲರಿಗೂ. ವರ್ಷಗಟ್ಟಲೆ ಆಸೆಪಟ್ಟು, ಒಂದೊಂದೇ ಪಾರ್ಟ್ ಕೂಡಿಸಿಕೊಂಡು ಕೊನೆಗೂ ನನ್ನ ಟೂರಿಂಗ್ ಸೈಕಲ್ ಕಟ್ಟಿದ್ದೇನೆ. ಹಳೇ ಕ್ರೋಮೋಲಿ ಸ್ಟೀಲ್ ಫ್ರೇಮ್, ಅದಕ್ಕೆ ಹೊಸ ಬಣ್ಣ, 36 ಕಡ್ಡಿಯ ಚಕ್ರ, 35 ಎಂಎಂ ಟೈರು, ಡ್ರಾಪ್ ಹ್ಯಾಂಡಲ್, ಅದರ ತುದಿಯಲ್ಲಿ ಗೇರ್ ಬದಲಿಸುವ ಬಾರ್-ಎಂಡ್ ಶಿಫ್ಟರ್, ಹಿಂದೆ ಅಲ್ಯೂಮಿನಿಯಂ ಕ್ಯಾರಿಯರ್. ಖಾಲಿ ಇದ್ದಾಗ ಕೈ ಬಿಟ್ಟು ಓಡಿಸಬಹುದು, ಅಷ್ಟು ನೇರವಾಗಿ ಹೋಗುತ್ತದೆ.

ತೊಂದರೆ ಲೋಡ್ ಹಾಕಿದಾಗ. ಹಿಂದೆ ಕ್ಯಾರಿಯರಿನ ಬದಿಗಳಿಗೆ ತೂಗುಹಾಕುವ ಎರಡು ದೊಡ್ಡ ಪ್ಯಾನಿಯರ್ ಬ್ಯಾಗ್, ಒಟ್ಟು 18 ಕೆಜಿ. ಇಳಿಜಾರಿನಲ್ಲಿ ವೇಗ 40 ದಾಟುತ್ತಿದ್ದ ಹಾಗೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪಟಪಟ ಅಂತ ನಡುಗಲು ಶುರುವಾಯಿತು. ಗಟ್ಟಿಯಾಗಿ ಹಿಡಿದಷ್ಟೂ ಜಾಸ್ತಿಯಾಯಿತು. ಬೀಳಲಿಲ್ಲ, ಆದರೆ ನಿಂತ ಮೇಲೂ ಕೈ ನಡುಗುತ್ತಿತ್ತು. ರಿಪೇರಿಯವರು ಫ್ರೇಮೇ ಸರಿಯಿಲ್ಲ, ಬದಲಿಸಿ ಅಂದರು. ಇಷ್ಟು ಕಷ್ಟಪಟ್ಟು ಮಾಡಿಸಿದ ಸೈಕಲ್, ಮನಸ್ಸು ಬರುತ್ತಿಲ್ಲ.

ಇನ್ನೊಂದು ವಿಷಯ. ಲೋಡ್ ಇದ್ದಾಗ ಏರು ಹತ್ತಲು ಆಗುತ್ತಿಲ್ಲ. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 9 ಸ್ಪೀಡ್, 11ರಿಂದ 28 ಹಲ್ಲಿನವರೆಗೆ.

ಉತ್ತರ 1:

ಫ್ರೇಮ್ ಮುಟ್ಟಬೇಡಿ. ಮೊದಲು ಮೂರು ವಿಷಯ ಹೇಳಿ. ಪೆಡಲ್ ಕ್ರ್ಯಾಂಕಿನ ನಡುವಿನಿಂದ ಹಿಂದಿನ ಚಕ್ರದ ಆಕ್ಸಲ್‌ಗೆ ಎಷ್ಟು ಎಂಎಂ ಇದೆ? ಬ್ಯಾಗುಗಳು ಆಕ್ಸಲ್‌ನ ಮೇಲೆ ಬರುತ್ತವಾ ಅಥವಾ ಅದಕ್ಕಿಂತ ಹಿಂದಕ್ಕಾ? ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಆಡಿಸಿದರೆ ಹೆಡ್‌ಸೆಟ್‌ನಲ್ಲಿ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಿನಲ್ಲಿ, ಟಕ್ ಟಕ್ ಅನ್ನುತ್ತದಾ?

ಪ್ರಶ್ನೆ ಕೇಳಿದವರು:

ಅಳೆದೆ, 425 ಎಂಎಂ. ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ತಾಗುತ್ತಿತ್ತು, ಅದಕ್ಕೆ ಕೊಕ್ಕೆ ಸರಿಸಿ ಬ್ಯಾಗುಗಳನ್ನು ಆದಷ್ಟು ಹಿಂದಕ್ಕೆ ಹಾಕಿದ್ದೇನೆ. ಹೆಡ್‌ಸೆಟ್‌ನಲ್ಲಿ ಸಣ್ಣಗೆ ಟಕ್ ಅನ್ನುತ್ತದೆ.

ಉತ್ತರ 1:

ಅಲ್ಲೇ ಇದೆ ನೋಡಿ ಮೂಲ. ಟೂರಿಂಗ್‌ಗೆಂದೇ ಮಾಡಿದ ಫ್ರೇಮಿನಲ್ಲಿ ಆ ಅಳತೆ ಸಾಮಾನ್ಯವಾಗಿ 450ರ ಆಸುಪಾಸು ಇರುತ್ತದೆ, ಹಿಮ್ಮಡಿಗೆ ಜಾಗ ಸಿಗಲಿ ಅಂತಲೇ. ನಿಮ್ಮದು ರೋಡ್ ಫ್ರೇಮಿನ ಅಳತೆ. ನೀವು ಹಿಮ್ಮಡಿ ಉಳಿಸಲು ಬ್ಯಾಗ್ ಹಿಂದೆ ತಳ್ಳಿದಿರಿ, ಆಗ ಭಾರವೆಲ್ಲ ಆಕ್ಸಲ್‌ನ ಹಿಂದಕ್ಕೆ ಹೋಯಿತು, ಮುಂದಿನ ಚಕ್ರ ಹಗುರವಾಯಿತು. ಕ್ಯಾರಿಯರ್ ಮೇಲಿನ ಲೋಡ್ ಅತ್ತಿತ್ತ ಓಲಾಡುತ್ತದೆ, ಮುಂದಿನ ಚಕ್ರವೂ ಓಲಾಡುತ್ತದೆ. ಒಂದು ವೇಗದಲ್ಲಿ ಎರಡರ ತಾಳ ಕೂಡಿಬಿಟ್ಟರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ನಡುಕ ಏರುತ್ತಲೇ ಹೋಗುತ್ತದೆ.

ಮೊದಲು ಹೆಡ್‌ಸೆಟ್. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಸ್ಟೆಮ್ಮಿನ (ಹ್ಯಾಂಡಲನ್ನು ಹಿಡಿದಿರುವ ತುಂಡು) ಪಕ್ಕದ ಬೋಲ್ಟ್ ಸಡಿಲಿಸದೆ ಸುಮ್ನೆ ಮೇಲಿನ ಕ್ಯಾಪ್ ತಿರುಗಿಸಿದರೆ ಏನೂ ಆಗುವುದಿಲ್ಲ. ಮೊದಲು ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಆಮೇಲೆ ಕ್ಯಾಪ್ ಬೋಲ್ಟನ್ನು ಟಕ್ ಅನ್ನುವುದು ನಿಲ್ಲುವವರೆಗೆ ಮಾತ್ರ, ಕಾಲು ಕಾಲು ಸುತ್ತಿನಂತೆ ಬಿಗಿಮಾಡಿ. ಹ್ಯಾಂಡಲ್ ಎಲ್ಲೂ ಹಿಡಿಯದೆ ಹಗುರವಾಗಿ ತಿರುಗಬೇಕು. ನಂತರ ಸ್ಟೆಮ್ ನೇರ ಮಾಡಿ ಪಕ್ಕದ ಬೋಲ್ಟ್ ಬಿಗಿಮಾಡಿ.

ಆಮೇಲೆ ಕ್ಯಾರಿಯರ್. ಒಂದು ಕೈಯಲ್ಲಿ ಸೀಟು ಹಿಡಿದು ಇನ್ನೊಂದು ಕೈಯಲ್ಲಿ ಕ್ಯಾರಿಯರನ್ನು ಅಡ್ಡಡ್ಡ ಅಲ್ಲಾಡಿಸಿ. ಫ್ರೇಮ್ ಅಲುಗದೆ ಕ್ಯಾರಿಯರ್ ಒಂದೇ ಆಡಿದರೆ ನಾಲ್ಕೂ ಬೋಲ್ಟ್ ಬಿಚ್ಚಿ, ಬೋಲ್ಟ್ ಸಡಿಲವಾಗದಂತೆ ತಡೆಯುವ ನೀಲಿ ಥ್ರೆಡ್‌ಲಾಕ್ ಅಂಟು ಹಚ್ಚಿ ಮತ್ತೆ ಹಾಕಿ. ಹಿಂದಿನ ಚಕ್ರದ ಕಡ್ಡಿಗಳನ್ನೂ ಮೀಟಿ ನೋಡಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಎಡ-ಬಲ ಬೇರೆ ಇರುತ್ತದೆ, ಅದು ಸಹಜ.

ಎಲ್ಲಕ್ಕಿಂತ ಮುಖ್ಯ ಭಾರದ ಜಾಗ. ಮುಂದಿನ ಚಕ್ರ ಹಿಡಿದ ಫೋರ್ಕಿನ ಮಧ್ಯದಲ್ಲಿ ತೂತು ಇದ್ದರೆ, ಬ್ಯಾಗನ್ನು ಕೆಳಮಟ್ಟದಲ್ಲಿ ಹಿಡಿಯುವ ಲೋ-ರೈಡರ್ ಕ್ಯಾರಿಯರ್ ಹಾಕಿ, ಭಾರದ ಸಾಮಾನು ಅಲ್ಲಿಗೆ, ಕೆಳಗೆ, ಎರಡೂ ಕಡೆ ಸಮ. ಹಿಂದೆ ದೊಡ್ಡ ಬ್ಯಾಗ್ ಬೇಡ. ಮುಂದಕ್ಕೆಂದು ಮಾರುವ ಚಿಕ್ಕ ಬ್ಯಾಗುಗಳನ್ನೇ ಹಿಂದೆಯೂ ಹಾಕಿ. ಅಗಲ ಕಡಿಮೆ, ಹಾಗಾಗಿ ಆಕ್ಸಲ್ ಮೇಲೆ ತಂದರೂ ಹಿಮ್ಮಡಿ ತಾಗುವುದಿಲ್ಲ. ಮೊದಲ ದಿನ ಹ್ಯಾಂಡಲ್ ಭಾರ ಅನ್ನಿಸುತ್ತದೆ, ಅಭ್ಯಾಸವಾಗುತ್ತದೆ.

ಮತ್ತೆ ನಡುಕ ಬಂದರೆ ಹ್ಯಾಂಡಲ್ ಬಿಗಿ ಹಿಡಿಯಬೇಡಿ. ಮೊಣಕಾಲನ್ನು ಫ್ರೇಮಿನ ಮೇಲಿನ ಪೈಪಿಗೆ ಒತ್ತಿ, ಸೀಟಿನಿಂದ ಸ್ವಲ್ಪ ಏಳಿ, ಹಿಂದಿನ ಬ್ರೇಕ್ ಮೆಲ್ಲಗೆ ಹಿಡಿಯಿರಿ. ಇದನ್ನು ಖಾಲಿ ಸೈಕಲ್‌ನಲ್ಲಿ ನಾಲ್ಕು ಸಲ ಮಾಡಿ ರೂಢಿ ಮಾಡಿಕೊಳ್ಳಿ, ದಯವಿಟ್ಟು.

ಉತ್ತರ 2:

ಗೇರಿನ ವಿಷಯ ನಾನು ಹೇಳುತ್ತೇನೆ. ಈಗ ನಿಮ್ಮ ಅತಿ ಹಗುರ ಗೇರು 34 ಭಾಗಿಸು 28, ಅಂದರೆ 1.21. ಲೋಡ್ ಇದ್ದಾಗ ಅದು ಸಾಲದು. ಮುಂದೆ 48-36-26 ಹಲ್ಲಿನ ಮೂರು ಚಕ್ರದ ಟ್ರಿಪಲ್, ಹಿಂದೆ 11-34 ಹಾಕಿದರೆ 0.76ಕ್ಕೆ ಇಳಿಯುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಉದ್ದ ಕೇಜಿನದ್ದು ಬೇಕು. ಶಿಮಾನೋ ಆದರೆ 9 ಸ್ಪೀಡ್ ಮೌಂಟನ್ ಬೈಕ್ ಡಿರೇಲರ್ ನಿಮ್ಮ 9 ಸ್ಪೀಡ್ ಶಿಫ್ಟರ್ ಜೊತೆ ಸರಿಯಾಗಿ ಕೂರುತ್ತದೆ. 10 ಸ್ಪೀಡ್ ಮೌಂಟನ್ ತಗೋಬೇಡಿ, ಕೇಬಲ್ ಎಳೆಯುವ ಲೆಕ್ಕವೇ ಬೇರೆ. ಬಾರ್-ಎಂಡ್‌ನ ಎಡ ಶಿಫ್ಟರ್ ಫ್ರಿಕ್ಷನ್, ಅಂದರೆ ಕ್ಲಿಕ್ ಇಲ್ಲದ್ದು, ಟ್ರಿಪಲ್‌ಗೂ ನಡೆಯುತ್ತದೆ. ಚೈನು ಉದ್ದ ಹೊಸದಾಗಿ ಅಳೆಯಿರಿ, ಹಳೆಯದು ಗಿಡ್ಡವಾಗುತ್ತದೆ.

ಪ್ರಶ್ನೆ ಕೇಳಿದವರು:

ಎರಡು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಹೆಡ್‌ಸೆಟ್ ಸರಿಮಾಡಿದೆ. ಕ್ಯಾರಿಯರಿನ ಒಂದು ಬೋಲ್ಟ್ ಅರ್ಧ ಸುತ್ತು ಸಡಿಲವಿತ್ತು, ಗೊತ್ತೇ ಇರಲಿಲ್ಲ. ಬರೀ ಅಷ್ಟಕ್ಕೆ ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಲೋ-ರೈಡರ್ ಹಾಕಿ ಮುಂದೆ 10 ಕೆಜಿ, ಹಿಂದೆ 8 ಕೆಜಿ ಹಂಚಿದೆ. ಅದೇ ಇಳಿಜಾರು, ಅದೇ 18 ಕೆಜಿ, 48ರವರೆಗೂ ಹೋದೆ. ಹ್ಯಾಂಡಲ್ ಅಲುಗಲಿಲ್ಲ. ಕೆಳಗೆ ಬಂದು ನಿಲ್ಲಿಸಿ ಸುಮಾರು ಹೊತ್ತು ಸೈಕಲನ್ನೇ ನೋಡುತ್ತಾ ನಿಂತಿದ್ದೆ. ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ರಿಪಲ್ ಇನ್ನೂ ಹುಡುಕುತ್ತಿದ್ದೇನೆ.

ಉತ್ತರ 1:

ಓದಿ ತುಂಬಾ ಖುಷಿಯಾಯಿತು. ಹೊಸ ಕ್ಯಾರಿಯರ್ ಹಾಕಿದ್ದೀರಲ್ವಾ, 100 ಕಿಮೀ ಆದ ಮೇಲೆ ಎಲ್ಲ ಬೋಲ್ಟನ್ನೂ ಇನ್ನೊಮ್ಮೆ ನೋಡಿ, ಎರಡು ಬಿಡಿ ಬೋಲ್ಟ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.